ಒಂಬತ್ತು ಚುಕ್ಕಿ, ಎಷ್ಟು ಚತುರ್ಭುಜ?

ಕೇಳುಗರಿಗೆ ನಮಸ್ಕಾರ. ಪೆನ್ಸಿಲ್ಲು, ಗ್ರಾಫ್ ಹಾಳೆ ಹತ್ತಿರದಲ್ಲಿದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೂ ಪರವಾಗಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿ. ಚಿತ್ರ ತೋರಿಸಲಾಗದ ಬಾನುಲಿಯಲ್ಲಿ ರೇಖಾಗಣಿತ ಹೇಳಹೊರಟಿದ್ದೇನೆ, ಸ್ವಲ್ಪ ಸಹಕರಿಸಬೇಕು.

ಮೊದಲು ಮೂರೇ ಬಿಂದು. ಒಂದರ ನಿರ್ದೇಶಾಂಕ 1, 1. ಇನ್ನೊಂದರದು 4, 2. ಮತ್ತೊಂದರದು 2, 5. ಇವು ಒಂದು ಸಮಾಂತರ ಚತುರ್ಭುಜದ ಮೂರು ಮೂಲೆಗಳಾದರೆ ನಾಲ್ಕನೆಯ ಮೂಲೆ ಎಲ್ಲಿ? ಒಂದು ಉತ್ತರ ಬರೆದು ಪೆನ್ಸಿಲ್ ಕೆಳಗಿಟ್ಟುಬಿಡಬೇಡಿ. ಉತ್ತರ ಮೂರಿವೆ. ಯಾವ ಎರಡು ಬಿಂದು ಎದುರುಬದುರು ಕೂತಿವೆ ಅಂತ ನಾನು ಹೇಳಲೇ ಇಲ್ಲವಲ್ಲ! ಎದುರುಬದುರಾದ ಎರಡನ್ನು ಕೂಡಿ, ಉಳಿದದ್ದನ್ನು ಕಳೆಯಿರಿ. ಮೊದಲೆರಡನ್ನು ಕೂಡಿದರೆ 5, 3. ಅದರಿಂದ 2, 5 ಕಳೆದರೆ 3, ಮೈನಸ್ 2. ಹೀಗೆಯೇ ಇನ್ನೆರಡು ಸಿಗುತ್ತವೆ: ಮೈನಸ್ 1, 4, ಮತ್ತು 5, 6. ಮೂರು ಆಕೃತಿಗಳ ರೂಪ ಬೇರೆ ಬೇರೆ, ವಿಸ್ತೀರ್ಣ ಮಾತ್ರ ಎಲ್ಲಕ್ಕೂ 11 ಚದರ ಮಾನ. ಪ್ರತಿಯೊಂದರ ಅರ್ಧವೂ ನಾವು ಹಿಡಿದು ಹೊರಟ ಅದೇ ತ್ರಿಭುಜ ತಾನೇ?

ಈಗ ಒಂಬತ್ತು ಚುಕ್ಕಿ ಇಡಿ. ಮೂರು ಸಾಲು, ಸಾಲಿಗೆ ಮೂರು, ಎಲ್ಲ ಸಮಾನ ದೂರದಲ್ಲಿ. ಈ ಚುಕ್ಕಿಗಳನ್ನೇ ಮೂಲೆಯಾಗಿಟ್ಟುಕೊಂಡ ಸಮಾಂತರ ಚತುರ್ಭುಜ ಎಷ್ಟು? ನೆಟ್ಟಗೆ ನಿಂತ ಆಯತ, ಚೌಕಗಳು 9 ಅಂತ ಬೇಗ ಸಿಕ್ಕಿಬಿಡುತ್ತವೆ. ಮೂಲೆಯ ಮೇಲೆ ನಿಂತ ಚೌಕ ಒಂದಿದೆ, ಹತ್ತಾಯಿತು. ಆಮೇಲೆ ಓರೆಯವು ಶುರುವಾಗುತ್ತವೆ, ಎಣಿಸಿದ್ದನ್ನೇ ಮತ್ತೆ ಎಣಿಸಿ ಲೆಕ್ಕ ತಪ್ಪುತ್ತದೆ.

ಬಾಹುಗಳ ಹಿಂದೆ ಹೋದದ್ದೇ ಇಲ್ಲಿ ಎಡವಟ್ಟು. ಕರ್ಣಗಳನ್ನು ಹಿಡಿಯಿರಿ. ಸಮಾಂತರ ಚತುರ್ಭುಜದ ಕರ್ಣಗಳು ಒಂದನ್ನೊಂದು ಅರ್ಧಿಸುತ್ತವೆ, ಅಂದರೆ ಎರಡಕ್ಕೂ ಮಧ್ಯಬಿಂದು ಒಂದೇ. ಹಾಗಾದರೆ ಒಂದೇ ಮಧ್ಯಬಿಂದುವಿರುವ ಎರಡು ಗೆರೆ ಆರಿಸಿದರೆ ಕೆಲಸ ಮುಗಿಯಿತು. ನಟ್ಟನಡುವಿನ ಚುಕ್ಕಿಯನ್ನು ಮಧ್ಯಬಿಂದುವಾಗಿ ಉಳ್ಳ ಗೆರೆಗಳು ನಾಲ್ಕು: ಅಡ್ಡ, ಉದ್ದ, ಎರಡು ಓರೆ. ನಾಲ್ಕರಲ್ಲಿ ಎರಡನ್ನು ಆರಿಸಲು 6 ದಾರಿ. ಇನ್ನು ಎರಡು ಮನೆ ಸೇರಿದ ಆಯತಗಳು ನಾಲ್ಕಿವೆ. ಒಂದೊಂದರ ನಡುವೆ ಮೂರು ಗೆರೆ, ಅದರಿಂದ 3 ಆಕೃತಿ, ಒಟ್ಟು 12. ಒಂದೇ ಮನೆಯ ಚೌಕಗಳು 4. ಬೇರೆ ಯಾವ ಜಾಗವೂ ಒಂದಕ್ಕಿಂತ ಹೆಚ್ಚು ಗೆರೆಗೆ ಮಧ್ಯಬಿಂದುವಾಗುವುದಿಲ್ಲ. ಕೂಡಿದರೆ 22.

ಇದೇ ಉಪಾಯವನ್ನು ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿಗೆ ಹಚ್ಚಿದಾಗ ನನಗೆ ಮೊದಲ ಸಲ 168 ಬಂತು. ಬೀಗಿಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆಮೇಲೆ ಒಂದು ಸಾಲಿನ ನಾಲ್ಕು ಚುಕ್ಕಿಗಳನ್ನು ನೋಡಿದೆ. ಆಚೆ ತುದಿ, ಈಚೆ ತುದಿ ಸೇರಿಸುವ ಗೆರೆಗೂ ಒಳಗಿನ ಎರಡನ್ನು ಸೇರಿಸುವ ಗೆರೆಗೂ ಮಧ್ಯಬಿಂದು ಒಂದೇ! ನಿಯಮಕ್ಕೆ ಒಪ್ಪುತ್ತದೆ, ಆದರೆ ಅದು ಚತುರ್ಭುಜವಲ್ಲ, ಬರೀ ಗೆರೆ. ಹೀಗೆ ನಾಲ್ಕು ಚುಕ್ಕಿ ಒಂದೇ ನೇರದಲ್ಲಿ ಬರುವ ಕಡೆ ಹುಡುಕಿದೆ. ಅಡ್ಡಸಾಲು 4, ಕಂಬಸಾಲು 4, ಮೂಲೆಯಿಂದ ಮೂಲೆಗೆ 2. ಆ 10 ಕಳೆದಾಗ ಉಳಿದದ್ದು 158. ನಮಸ್ಕಾರ.