ಡೇಟ್ ಮುಂದೆ ಹೋಗುತ್ತದೆಂದು ಕಾಯಬೇಕೇ?

ಕೇಳುಗರೇ, ನಮಸ್ಕಾರ.

ಜುಲೈ ತಿಂಗಳು ಬಂತೆಂದರೆ ಮುಂಬೈಯಲ್ಲಿ ಮಳೆಯ ಮಾತಿನ ಜೊತೆ ಇನ್ನೊಂದು ಮಾತೂ ಶುರುವಾಗುತ್ತದೆ. ಡೊಂಬಿವಲಿ ಲೋಕಲ್‌ನಲ್ಲಿ, ಮಾಟುಂಗಾದ ಹೋಟೆಲಿನ ಗಲ್ಲಾದ ಹತ್ತಿರ ಅದೇ ಪ್ರಶ್ನೆ: "ಈ ಸಲ ಡೇಟ್ ಮುಂದೆ ಹಾಕ್ತಾರಂತಾ?" ಸಂಬಳದಾರರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಜುಲೈ 31 ಕೊನೆಯ ದಿನ. ಅದರ ಮಾತು ಇದು.

ಮಕ್ಕಳು ಅಮೆರಿಕದಲ್ಲಿರುವವರು ಅಲ್ಲಿನ ಅನುಕೂಲ ಹೇಳುತ್ತಾರೆ. ಒಂದು ಅರ್ಜಿ ಹಾಕಿದರೆ ಏಪ್ರಿಲ್ 15ರ ಗಡುವು ಅಕ್ಟೋಬರ್ 15ಕ್ಕೆ ಹೋಗುತ್ತದೆ. ನಿಜವೇ. ಆದರೆ ಸಮಯ ಸಿಗುವುದು ರಿಟರ್ನ್ ಸಲ್ಲಿಸಲು ಮಾತ್ರ, ತೆರಿಗೆ ಹಣವನ್ನು ಏಪ್ರಿಲ್‌ನಲ್ಲೇ ಕಟ್ಟಬೇಕು. ನಮ್ಮಲ್ಲಿ ಒಬ್ಬೊಬ್ಬರೇ ಹೀಗೆ ಅರ್ಜಿ ಹಾಕಿ ಸಮಯ ಪಡೆಯುವ ಹಾಗಿಲ್ಲ. ಕೇಂದ್ರ ನೇರ ತೆರಿಗೆ ಮಂಡಳಿ ಮನಸ್ಸು ಮಾಡಿದರೆ ಎಲ್ಲರಿಗೂ ಒಟ್ಟಿಗೇ ಮುಂದೆ ಹೋಗುತ್ತದೆ. 2025ರಲ್ಲಿ ಹಾಗೆ ಸೆಪ್ಟೆಂಬರ್ 15ಕ್ಕೆ ಹೋಯಿತು, ಮೇಲೆ ಒಂದು ದಿನವೂ ಸಿಕ್ಕಿತು. ಆದರೆ 2022, 2023, 2024ರಲ್ಲಿ ಜುಲೈ 31 ಅಲ್ಲಾಡಲಿಲ್ಲ. ಆದ್ದರಿಂದ ಮುಂದೆ ಹೋದೀತೆಂದು ಕೂರಬೇಡಿ ಎಂದೇ ನಾನು ಹೇಳುವುದು.

ತಡವಾದರೆ ಐದು ಸಾವಿರ ಫೀ ತಾನೇ, ಕಟ್ಟಿದರಾಯಿತು ಎನ್ನುವವರಿದ್ದಾರೆ. ದೊಡ್ಡ ನಷ್ಟ ಇರುವುದು ಬೇರೆ ಕಡೆ. ಚೆಂಬೂರಿನಲ್ಲಿ ಬಾಡಿಗೆಗೆ ಇರುವ ಒಬ್ಬ ಉದ್ಯೋಗಿ ಎಂದುಕೊಳ್ಳಿ. ತಿಂಗಳಿಗೆ 35 ಸಾವಿರ ಬಾಡಿಗೆ. ಲೀವ್ ಅಂಡ್ ಲೈಸೆನ್ಸ್ ಕರಾರು, ಬಾಡಿಗೆ ರಸೀದಿ, ಮಾಲೀಕರ ಪ್ಯಾನ್ ಎಲ್ಲವನ್ನೂ ಆಫೀಸಿಗೆ ಕೊಟ್ಟಿದ್ದಾರೆ. ಇಂಥ ಖರ್ಚು, ಉಳಿತಾಯಗಳನ್ನು ಆದಾಯದಲ್ಲಿ ಕಳೆಯಲು ಬಿಡುವ ಹಳೆಯ ತೆರಿಗೆ ಪದ್ಧತಿಯಂತೆ ಮನೆ ಬಾಡಿಗೆ ಭತ್ಯೆ, ಪಿಎಫ್, ಎಲ್‌ಐಸಿ ಎಲ್ಲ ಕಳೆದು ಕಂಪನಿ ಸಂಬಳದಲ್ಲೇ ತೆರಿಗೆ (ಟಿಡಿಎಸ್) ಹಿಡಿದಿದೆ. ಇವರು ಆಗಸ್ಟ್‌ನಲ್ಲಿ ರಿಟರ್ನ್ ಹಾಕಿದರೆ ಏನಾಗುತ್ತದೆ ಗೊತ್ತಾ? ಹಳೆಯ ಪದ್ಧತಿಯನ್ನು ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಲೆಕ್ಕ ತಾನಾಗಿ ಹೊಸ ಪದ್ಧತಿಗೆ ಹೋಗುತ್ತದೆ. ಬಾಡಿಗೆಯ ವಿನಾಯಿತಿ ಪೂರ್ತಿ ಬಿದ್ದುಹೋಗುತ್ತದೆ. ಇಷ್ಟು ಬಾಡಿಗೆ ಕೊಟ್ಟು ಬದುಕುವ ನಮ್ಮ ಊರಿನವರಿಗೆ ಇದು ಸಣ್ಣ ಪೆಟ್ಟಲ್ಲ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ ಎಂಬ ಬೇಸರ ನನಗಿದೆ.

ಷೇರಿನಲ್ಲಿ ನಷ್ಟ ಆದವರಿಗೂ ಹೀಗೆಯೇ. ದಿನ ತಪ್ಪಿದರೆ ಆ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯಲು ಬರುವುದಿಲ್ಲ.

ಇನ್ನು ಹಣದ ಲೆಕ್ಕ. 20 ಸಾವಿರ ತೆರಿಗೆ ಬಾಕಿ ಇಟ್ಟುಕೊಂಡು ಅಕ್ಟೋಬರ್‌ನಲ್ಲಿ ರಿಟರ್ನ್ ಹಾಕಿದರೆ ತಿಂಗಳಿಗೆ ಶೇಕಡಾ 1ರಂತೆ ಮೂರು ತಿಂಗಳ ಬಡ್ಡಿ, 600 ರೂಪಾಯಿ. ತಿಂಗಳ ಒಂದು ದಿನ ಆದರೂ ಪೂರ್ತಿ ತಿಂಗಳೆಂದೇ ಹಿಡಿಯುತ್ತಾರೆ. ಮೇಲೆ 5,000 ತಡ ಶುಲ್ಕ. ಆದಾಯ 5 ಲಕ್ಷದ ಒಳಗಿದ್ದರೆ ಶುಲ್ಕ 1,000.

"ಬ್ಯಾಂಕಿನ ಬಡ್ಡಿ ಪತ್ರ ಬಂದಿಲ್ಲ, ಊರಿನ ಸೊಸೈಟಿಯ ಲೆಕ್ಕ ಸಿಕ್ಕಿಲ್ಲ" ಎಂದು ಕಾಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್, ಅಂದರೆ ನಿಮ್ಮ ವರ್ಷದ ಆದಾಯದ ಮಾಹಿತಿ ಪಟ್ಟಿ, ತೆರೆದು ನೋಡಿ. ಬಹಳಷ್ಟು ಬಡ್ಡಿ, ಡಿವಿಡೆಂಡ್ ಅಲ್ಲೇ ಕಾಣುತ್ತದೆ. ಪಾಸ್‌ಬುಕ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಗೊತ್ತಿರುವುದನ್ನೆಲ್ಲ ಪ್ರಾಮಾಣಿಕವಾಗಿ ಬರೆದು, ತೆರಿಗೆ ಕಟ್ಟಿ, ದಿನದೊಳಗೆ ಸಲ್ಲಿಸಿ. ಆಮೇಲೆ ಏನಾದರೂ ಬಿಟ್ಟುಹೋಗಿದ್ದು ಕಂಡರೆ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಬಹುದು.

ಆಸ್ಪತ್ರೆ, ಊರಿಗೆ ಓಡಾಟ ಎಂದು ದಿನ ತಪ್ಪೇ ಹೋಯಿತು ಎಂದರೂ ಗಾಬರಿ ಬೇಡ. ತಡವಾದ ರಿಟರ್ನಿಗೂ ಡಿಸೆಂಬರ್ 31ರವರೆಗೆ ದಾರಿ ಇದೆ. ಬಾಕಿ ಹಣವನ್ನಾದರೂ ಮೊದಲು ಕಟ್ಟಿಬಿಡಿ.

ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ, ಅಂದರೆ ರಿಟರ್ನ್ ನಿಮ್ಮದೇ ಎಂದು ಆನ್‌ಲೈನ್‌ನಲ್ಲಿ ದೃಢಪಡಿಸಿ. ಒಟಿಪಿ ಬರಬೇಕಾದ ನಂಬರು ಹಳೆಯ ಸಿಮ್‌ನದ್ದಾಗಿದ್ದರೆ ಆಧಾರ್ ಕೇಂದ್ರಕ್ಕೆ ಈ ವಾರವೇ ಹೋಗಿ ಬನ್ನಿ.

ನಮಸ್ಕಾರ.