ಕಡಕ್ ರೊಟ್ಟಿ, ಇಲಿಯ ವಸಡು, ಕಿವಿಗೆ ಕೇಳದ ಸದ್ದು

[ದೃಶ್ಯ: ಕಲಬುರಗಿಯ ಒಂದು ಅಡುಗೆಮನೆ. ರೊಟ್ಟಿ ಮುರಿಯುವ ಸದ್ದು.]

ನಮ್ಮ ಕಾಕಾ ಈಗ ಕಡಕ್ ರೊಟ್ಟಿಯನ್ನು ಕಡಿಯುವುದಿಲ್ಲ. ಮುರಿದು ಬೇಳೆಯಲ್ಲಿ ಹಾಕಿ, ಮೆತ್ತಗಾಗುವವರೆಗೆ ತಟ್ಟೆ ನೋಡುತ್ತಾ ಕೂರುತ್ತಾರೆ. ಶುಗರ್ ಬಂದು 12 ವರ್ಷವಾಯಿತು. ಎರಡು ಹಲ್ಲು ಅಲುಗಾಡುತ್ತಿವೆ, ಬ್ರಷ್ ತುಂಬ ರಕ್ತ. ಕೇಳಿದರೆ "ವಯಸ್ಸಾಯಿತಲ್ಲಪ್ಪಾ" ಎನ್ನುತ್ತಾರೆ. ವಯಸ್ಸಲ್ಲ ಕಾಕಾ, ವಸಡಿನ ರೋಗ.

ಸಕ್ಕರೆ ಏರಿದರೆ ವಸಡಿನ ಉರಿಯೂತ ಆರುವುದಿಲ್ಲ. ಆರದ ಉರಿಯೂತ ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ. ವಸಡಿಗೆ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆ ಮಟ್ಟವನ್ನು ಶೇಕಡಾದಲ್ಲಿ ಹೇಳುವ ರಕ್ತಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿದದ್ದು ಕಂಡುಬಂದಿದೆ.

[ದೃಶ್ಯ: ಇಲಿಯ ದವಡೆಯ ಚಿತ್ರ.]

ಇದಕ್ಕೊಂದು ಹೊಸ ಚಿಕಿತ್ಸೆಯನ್ನು ಪರೀಕ್ಷಿಸಲು ಪ್ರಯೋಗಾಲಯದಲ್ಲಿ ಇಲಿಗೆ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚುತ್ತಾರೆ. ಇನ್ಸುಲಿನ್ ತಯಾರಿಸುವ ಕೋಶಗಳು ಸಾಯುತ್ತವೆ, ಮಧುಮೇಹ ಬರುತ್ತದೆ. ದವಡೆ ಹಲ್ಲಿನ ಬುಡಕ್ಕೆ ದಾರ ಬಿಗಿಯುತ್ತಾರೆ. ಅಲ್ಲಿ ಕೊಳೆ ಕೂತು, ಕೆಲವೇ ವಾರಗಳಲ್ಲಿ ಹಲ್ಲು ಹಿಡಿದಿರುವ ಮೂಳೆ ಸವೆಯುತ್ತದೆ. ಕಾಕಾ ಅವರಿಗೆ ವರ್ಷಗಟ್ಟಲೆ ಹಿಡಿದದ್ದು ಇಲಿಗೆ ಇಷ್ಟರಲ್ಲೇ.

ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಒಂದು ಸೂಕ್ಷ್ಮ ಪುಡಿ ಸೇರಿಸಿ, ಅಲ್ಟ್ರಾಸೌಂಡ್ ಹಾಯಿಸುತ್ತಾರೆ. 20,000 ಹರ್ಟ್ಸ್ ದಾಟಿದ, ನಮ್ಮ ಕಿವಿಗೆ ನಿಲುಕದ ಸದ್ದು. ಅದು ತಾಗಿದೊಡನೆ ಪುಡಿ ಸುತ್ತಲಿನ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ರೋಗಾಣುವಿನ ಪೊರೆಯನ್ನು ಹರಿದುಹಾಕುತ್ತದೆ. ಬೆಳಕಿನಿಂದಲೂ ಇದು ಸಾಧ್ಯ. ಆದರೆ ಬೆಳಕು ಮಾಂಸದೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ, ಸದ್ದು ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಪುಡಿಯೆಂದರೆ ಗೋಡೆಯ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಆಗಬಹುದು, ಅರಿಶಿನದ ಕರ್ಕ್ಯುಮಿನ್ ಕೂಡ ಆಗಬಹುದು. ಹಾಗೆಂದು ವಸಡಿಗೆ ಅರಿಶಿನ ತಿಕ್ಕಿಕೊಂಡು ಜಾತ್ರೆಯ ಸ್ಪೀಕರ್ ಮುಂದೆ ಬಾಯಿ ತೆರೆದು ನಿಲ್ಲಬೇಡಿ!

ತೊಡಕು ಇಲ್ಲಿದೆ. ಕೆರಳಿದ ಆಮ್ಲಜನಕಕ್ಕೆ ರೋಗಾಣು ಯಾವುದು, ವಸಡು ಯಾವುದು ಎಂಬ ಭೇದವಿಲ್ಲ. ಮಧುಮೇಹಿಯ ವಸಡಿನಲ್ಲಿ ಅದು ಮೊದಲೇ ಹೆಚ್ಚು. ಇಲಿಯ ಕಾಟಕ್ಕೆ ಮನೆಗೇ ಬೆಂಕಿ ಇಟ್ಟರಂತೆ, ಹಾಗಾದೀತು. ಅದಕ್ಕೇ ಪುಡಿಗೆ ಎರಡನೆಯ ಕೆಲಸವನ್ನೂ ಕಲಿಸುತ್ತಿದ್ದಾರೆ: ಸದ್ದು ಇರುವಷ್ಟು ಹೊತ್ತು ಕೊಲ್ಲಬೇಕು, ನಿಂತ ಮೇಲೆ ಮಿಕ್ಕ ಉರಿಯನ್ನು ತಾನೇ ಹೀರಬೇಕು. ರೋಗಾಣು ಕೊಲ್ಲುವ ಮದ್ದುಗಳು ಬೇಕಾದಷ್ಟಿವೆ. ನನಗೆ ಬೆರಗು ಹುಟ್ಟಿಸಿದ್ದು ಈ ಹೀರುವ ಕೆಲಸ.

[ದೃಶ್ಯ: ಹಲ್ಲಿನ ದವಾಖಾನೆಯ ಕುರ್ಚಿ.]

ಹೋದ ವಾರ ಕಾಕಾ ಅವರನ್ನು ಕರೆದೊಯ್ದೆ. ಗುಂಯ್ ಎನ್ನುವ ಕೊಕ್ಕೆ ಬಾಯಿಗೆ ಹೋದದ್ದೇ, ಕಣ್ಣಲ್ಲೇ "ಇದೇನಾ ನೀನು ಹೇಳಿದ್ದು?" ಎಂದು ಕೇಳಿದರು. ಅಲ್ಲ ಕಾಕಾ. ಅದು ಸ್ಕೇಲರ್, ಗಟ್ಟಿಯಾದ ಪಾಚಿಯನ್ನು ಕಂಪನದಿಂದ ಉದುರಿಸುತ್ತದೆ. ನಾನು ಹೇಳಿದ್ದು ಇನ್ನೂ ಇಲಿಗಳ ಬಳಿಯೇ ಇದೆ. ಮೂರು ತಿಂಗಳಾದ ಮೇಲೆ ಶುಗರ್ ವರದಿ ಹಿಡಿದು ಬನ್ನಿ ಎಂದಿದ್ದಾರೆ ಡಾಕ್ಟರು.