ಹೊಸ ಊರಿನಲ್ಲಿ ಮೊದಲ ವರ್ಷ

ಕೇಳುಗರೇ, ನಮಸ್ಕಾರ.

ಪದವಿ ಮುಗಿಸಿ, ಕೆಲಸ ಹಿಡಿದು, ಗುರುತು ಪರಿಚಯವಿಲ್ಲದ ನಗರಕ್ಕೆ ಹೋದವರ ಬಗ್ಗೆ ಇವತ್ತು ಮಾತನಾಡಬೇಕೆಂದಿದ್ದೇನೆ. ನಾನು ಬಹಳ ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಬೀಳ್ಕೊಡುಗೆಯ ದಿನ ನಗುನಗುತ್ತಾ ಹೋದ ಹುಡುಗ ಹುಡುಗಿಯರಲ್ಲಿ ಕೆಲವರು ಮೂರು ನಾಲ್ಕು ತಿಂಗಳಾದ ಮೇಲೆ ಫೋನ್ ಮಾಡುತ್ತಾರೆ. ಕೆಲಸ ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಾರೆ. ಕೋಣೆ ಅನುಕೂಲವಾಗಿದೆಯೇ ಎಂದರೆ ಹೌದು ಎನ್ನುತ್ತಾರೆ. ಇನ್ನೇನು ಮಾತು ಮುಗಿಯಿತು ಎನ್ನುವಷ್ಟರಲ್ಲಿ ದನಿ ತಗ್ಗಿಸಿ, "ಭಾನುವಾರ ಮಾತ್ರ ಬಹಳ ಕಷ್ಟ" ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು: "ಕಾಲೇಜಿನಲ್ಲಿ ಅಷ್ಟು ಜನ ಸ್ನೇಹಿತರಿದ್ದರು. ಇಲ್ಲಿ ಒಬ್ಬರೂ ಇಲ್ಲ. ನನ್ನಲ್ಲೇ ಏನೋ ಕೊರತೆ ಇರಬೇಕು."

ಆ ಕೊನೆಯ ಮಾತು ನಿಜವಲ್ಲ. ಅದನ್ನು ಹೇಳುವುದಕ್ಕೆಂದೇ ಇಲ್ಲಿ ಬಂದು ಕುಳಿತಿದ್ದೇನೆ.

ಕಾಲೇಜಿನಲ್ಲಿ ನಿಮಗೆ ಸ್ನೇಹಿತರು ಸಿಕ್ಕಿದ್ದು ಹೇಗೆ, ಸ್ವಲ್ಪ ನೆನಪಿಸಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹಿಂದಿನ ಹೆಸರು ಯಾರದೋ, ಅವರು ಪ್ರಯೋಗಾಲಯದಲ್ಲಿ ನಿಮ್ಮ ಮೇಜಿಗೆ ಬಂದರು. ಹಾಸ್ಟೆಲಿನಲ್ಲಿ ಎದುರು ಕೋಣೆ ಸಿಕ್ಕವರು ರಾತ್ರಿ ಪುಸ್ತಕ ಕೇಳಿಕೊಂಡು ಬಂದು, ಅಲ್ಲೇ ಕುಳಿತು ಹರಟಿದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಭೇಟಿಗೆ ಯಾರೂ ಸಮಯ ಗೊತ್ತುಮಾಡಿರಲಿಲ್ಲ. ವೇಳಾಪಟ್ಟಿಯೇ ಆ ಕೆಲಸವನ್ನೆಲ್ಲ ಮಾಡಿಬಿಟ್ಟಿತ್ತು.

ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ವಸತಿ ಸಮುಚ್ಚಯವೊಂದರಲ್ಲಿ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನ 1950ರಲ್ಲಿ ಪ್ರಕಟವಾಯಿತು. ಅಲ್ಲಿ ವಾಸವಾಗಿದ್ದವರು ಮನೆಗಳನ್ನು ತಾವೇ ಆರಿಸಿಕೊಂಡಿರಲಿಲ್ಲ. ಖಾಲಿಯಾದ ಮನೆ ಸರದಿಯಲ್ಲಿದ್ದವರಿಗೆ ಸಿಗುತ್ತಿತ್ತು. ನಿಮ್ಮ ಸ್ನೇಹಿತರು ಯಾರು ಎಂದು ಕೇಳಿದಾಗ, ಪಕ್ಕದ ಬಾಗಿಲಿನವರನ್ನು ಹೆಸರಿಸಿದ ಪ್ರಮಾಣ ನೂರಕ್ಕೆ 41. ಒಂದು ಮನೆ ಬಿಟ್ಟು ಆಚೆಗಿದ್ದವರಾದರೆ 22. ಅದೇ ಮಹಡಿಯ ಎರಡು ತುದಿಗಳಲ್ಲಿದ್ದವರಾದರೆ ಕೇವಲ 10. ಒಂದೇ ಮಹಡಿಯ ಕೆಲವು ಹೆಜ್ಜೆಗಳ ಅಂತರ ಇಷ್ಟು ವ್ಯತ್ಯಾಸ ಮಾಡಿತ್ತು. ಮೆಟ್ಟಿಲ ಬಳಿ, ಅಂಚೆಪೆಟ್ಟಿಗೆಯ ಬಳಿ ಮನೆಯಿದ್ದವರಿಗೆ ಮೇಲಿನ ಮಹಡಿಯವರ ಸ್ನೇಹವೂ ಹೆಚ್ಚಾಗಿ ದೊರೆತಿತ್ತು. ಅವರ ಸ್ವಭಾವ ಉಳಿದವರಿಗಿಂತ ಒಳ್ಳೆಯದಿತ್ತೆಂದಲ್ಲ. ಅವರ ಬಾಗಿಲ ಮುಂದೆ ಜನ ಓಡಾಡುತ್ತಿದ್ದರು, ಅಷ್ಟೇ.

ಕಾಲೇಜು ಬಿಟ್ಟಾಗ ನೀವು ಕಳೆದುಕೊಂಡದ್ದು ಆ ಓಡಾಟವನ್ನು. ಸ್ನೇಹ ಮಾಡುವ ಶಕ್ತಿ ಎಲ್ಲಿಗೂ ಹೋಗಿಲ್ಲ.

ಇನ್ನು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಆರು ತಿಂಗಳೊಳಗೆ ಊರು ಬದಲಿಸಿದ್ದವರನ್ನೇ ಈ ಪ್ರಶ್ನೆ ಕೇಳಿದರು. ಬರೀ ಪರಿಚಯ ಒಂದಿಷ್ಟು ಸಲುಗೆಯಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು. ಸ್ನೇಹ ಎನ್ನಿಸಿಕೊಳ್ಳಲು ಸುಮಾರು 90 ಗಂಟೆ. ಆಪ್ತಸ್ನೇಹಕ್ಕೆ 200 ಗಂಟೆಗಳಿಗೂ ಹೆಚ್ಚು. ಕಚೇರಿಯಲ್ಲಿ ಅಕ್ಕಪಕ್ಕ ಕುಳಿತು ದುಡಿದ ಗಂಟೆಗಳು ಈ ಲೆಕ್ಕಕ್ಕೆ ಅಷ್ಟಾಗಿ ಬರಲಿಲ್ಲ. ಕೆಲಸದ ಆಚೆಗೆ ಕಳೆದ ಬಿಡುವಿನ ಹೊತ್ತೇ ಹೆಚ್ಚು ಫಲ ಕೊಟ್ಟಿತು.

ಈ ಲೆಕ್ಕವನ್ನು ನಿಮ್ಮ ವಾರಕ್ಕೆ ಹೊಂದಿಸಿ ನೋಡಿ. ಹಾಸ್ಟೆಲಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಜೊತೆಗಿದ್ದರೆ 200 ಗಂಟೆ ತುಂಬಲು ಎರಡು ತಿಂಗಳೂ ಬೇಡ. ನೌಕರಿಗೆ ಸೇರಿದ ಮೇಲೆ ವಾರಕ್ಕೊಮ್ಮೆ ಎರಡು ಗಂಟೆ ಸಿಕ್ಕರೆ ಅಷ್ಟೇ ಗಂಟೆಗಳಿಗೆ ನೂರು ವಾರ, ಅಂದರೆ ಹತ್ತಿರ ಹತ್ತಿರ ಎರಡು ವರ್ಷ ಬೇಕು. ಮೂರನೆಯ ತಿಂಗಳಲ್ಲೇ "ನನಗೆ ಇಲ್ಲಿ ಯಾರೂ ಇಲ್ಲ" ಎನ್ನುವವರು ಸೋತವರಲ್ಲ. ಅವರ ಗಂಟೆಗಳು ಇನ್ನೂ ತುಂಬಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಈ ಲೆಕ್ಕ ಹೇಳಿದಾಗ ಅವರ ದನಿ ಸ್ವಲ್ಪ ಹಗುರಾಗುವುದನ್ನು ಫೋನಿನಲ್ಲೇ ಗಮನಿಸಿದ್ದೇನೆ.

ಮೈಗೂ ಸ್ವಲ್ಪ ಸಮಯ ಬೇಕು, ಅದನ್ನೂ ಹೇಳಿಬಿಡುತ್ತೇನೆ. ಹೊಸ ಜಾಗದ ಮೊದಲ ರಾತ್ರಿ ಸರಿಯಾಗಿ ನಿದ್ರೆ ಹತ್ತುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದರ ಕಾರಣ ತೋರಿಸಿದರು: ಆ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ನಿದ್ರಿಸುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರಗೊಳ್ಳುತ್ತದೆ. ಮಲಗಿದವರನ್ನು ಅವರ ದೇಹವೇ ಕಾವಲು ಕಾಯುತ್ತಿರುತ್ತದೆ. ಮೊದಲ ವಾರದ ದಣಿವನ್ನು ಅಂಜುಬುರುಕುತನವೆಂದು ಎಣಿಸಬೇಡಿ.

ಹಾಗಾದರೆ ಮಾಡುವುದೇನು? ನಗರ ನೋಡಬೇಕು, ಎಲ್ಲ ಕಡೆ ಹೋಗಬೇಕು, ಹೊಸಬರನ್ನು ಭೇಟಿಯಾಗಬೇಕು ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ನನ್ನ ಸಲಹೆ ಇದಕ್ಕೆ ತೀರ ವಿರುದ್ಧ. ಪ್ರತಿ ವಾರ ಹೊಸ ಜಾಗಕ್ಕೆ ಹೋದವರಿಗೆ ಪ್ರತಿ ವಾರವೂ ಅಪರಿಚಿತರೇ ಸಿಗುತ್ತಾರೆ. ಒಂದೇ ಜಾಗಕ್ಕೆ, ಒಂದೇ ದಿನ, ಒಂದೇ ಹೊತ್ತಿಗೆ ಹೋಗಿ. ಗ್ರಂಥಾಲಯವಾಗಲಿ, ಆಟದ ಮೈದಾನವಾಗಲಿ, ಸಂಗೀತದ ತರಗತಿಯಾಗಲಿ, ಪರವಾಗಿಲ್ಲ. ಮೂರು ಗುಣಗಳಿದ್ದರೆ ಸಾಕು: ಬಂದವರೇ ಮತ್ತೆ ಬರುವಂತಿರಬೇಕು, ಕೈಗೆ ಏನಾದರೂ ಕೆಲಸವಿರಬೇಕು, ಕೆಲಸ ಮುಗಿದ ಮೇಲೆ ಹತ್ತು ನಿಮಿಷ ನಿಂತು ಮಾತನಾಡಲು ಆಸ್ಪದವಿರಬೇಕು. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತರಗತಿ ಮುಗಿದ ಕೂಡಲೇ ಚೀಲ ಹೆಗಲಿಗೇರಿಸಿ, ಕಿವಿಗೆ ಇಯರ್‌ಫೋನ್ ಹಾಕಿ ಹೊರಟರೆ ಆರು ತಿಂಗಳಾದರೂ ಅಲ್ಲಿ ಯಾರ ಹೆಸರೂ ಗೊತ್ತಾಗುವುದಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲ ಬಳಿ ಆಡುವ ಮಾತು, ಮಳೆ ನಿಲ್ಲಲೆಂದು ಕಾಯುವಾಗ ಆಡುವ ಮಾತು, ಸ್ನೇಹ ಮೊಳೆಯುವುದು ಅಲ್ಲಿ.

ಮೊದಲ ಕೆಲವು ವಾರ ಯಾರೂ ಮಾತನಾಡಿಸುವುದಿಲ್ಲ. ಅಷ್ಟಕ್ಕೇ ಬಿಟ್ಟುಬಿಡಬೇಡಿ. ಆ ವಾರಗಳಲ್ಲೂ ಒಂದು ಕೆಲಸ ನಡೆದಿರುತ್ತದೆ: ನಿಮ್ಮ ಮುಖ ಅವರಿಗೆ ಪರಿಚಯವಾಗುತ್ತಿರುತ್ತದೆ. ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನೋವಿಜ್ಞಾನಿ 1970ರ ದಶಕದ ಆರಂಭದಲ್ಲಿ, ದಿನವೂ ಒಂದೇ ನಿಲ್ದಾಣದಲ್ಲಿ ರೈಲಿಗೆ ಕಾಯುವವರಿಗೆ ಅಲ್ಲಿನ ಪ್ರಯಾಣಿಕರ ಫೋಟೋಗಳನ್ನು ತೋರಿಸಿ ವಿಚಾರಿಸಿದರು. ಹೆಚ್ಚಿನವರಿಗೆ ತಾವು ಒಮ್ಮೆಯೂ ಮಾತನಾಡಿಸದ ಸಹಪ್ರಯಾಣಿಕರ ಗುರುತು ಹತ್ತಿತು. ಹೀಗೆ ಮುಖಪರಿಚಯ ಮಾತ್ರ ಇರುವ ಇಬ್ಬರು ಆ ನಿಲ್ದಾಣದಿಂದ ದೂರದಲ್ಲೆಲ್ಲೋ ಎದುರಾದರೆ ಮಾತಿಗೆ ತೊಡಗುವ ಸಂಭವ ಹೆಚ್ಚು ಎಂದೂ ಅವರು ಹೇಳಿದರು. ದಿನವೂ ಕಂಡ ಮುಖ ಬೇರೆಲ್ಲಾದರೂ ಕಾಣಿಸಿದರೆ ನಕ್ಕುಬಿಡಿ. ಆ ಕಡೆಯವರೂ ನಗುತ್ತಾರೆ.

ನಗರದ ದಾರಿಗಳ ವಿಷಯವೂ ಹೀಗೇ. ಮೊಬೈಲಿನ ನಕ್ಷೆ ಹೇಳಿದಲ್ಲಿ ತಿರುಗುತ್ತಾ ವರ್ಷಗಟ್ಟಲೆ ಓಡಾಡಿದರೂ ಊರು ಮನಸ್ಸಿನಲ್ಲಿ ಕೂರುವುದಿಲ್ಲ. 2008ರಲ್ಲಿ ಜಪಾನಿನ ಸಂಶೋಧಕರು ಮೂರು ಗುಂಪುಗಳನ್ನು ಹೋಲಿಸಿದರು: ಜಿಪಿಎಸ್ ನೋಡಿ ನಡೆದವರು, ಕಾಗದದ ನಕ್ಷೆ ಹಿಡಿದು ನಡೆದವರು, ಮೊದಲು ಒಮ್ಮೆ ಜೊತೆಯಲ್ಲಿ ಬಂದವರಿಂದ ದಾರಿ ತಿಳಿದು ಆಮೇಲೆ ತಾವೇ ನಡೆದವರು. ಜಿಪಿಎಸ್ ನಂಬಿದವರು ಹೆಚ್ಚು ದೂರ ನಡೆದರು, ಹೆಚ್ಚು ಬಾರಿ ನಿಂತರು. ನಂತರ ಆ ದಾರಿಯ ಚಿತ್ರ ಬಿಡಿಸುವಾಗಲೂ ಹಿಂದೆ ಬಿದ್ದರು. ಕಚೇರಿಯಿಂದ ಕೋಣೆಗೆ ಬರುವ ದಾರಿಯನ್ನಾದರೂ ಫೋನು ಜೇಬಿನಲ್ಲಿಟ್ಟು ಕಲಿಯಿರಿ. ದಾರಿ ತಪ್ಪಿದರೆ ಯಾರನ್ನಾದರೂ ಕೇಳಿ.

ಹಣದ ವಿಚಾರ ಹೆಚ್ಚು ಎಳೆಯುವುದಿಲ್ಲ. ಮೊದಲ ಕೆಲವು ತಿಂಗಳ ಸಂಬಳದಲ್ಲಿ ಬಾಡಿಗೆ, ಓಡಾಟ ಕಳೆದು ಉಳಿದದ್ದರಲ್ಲಿ ಒಂದು ಪಾಲನ್ನು, ಅನಿವಾರ್ಯವಾದರೆ ಕೋಣೆ ಬದಲಿಸುವುದಕ್ಕೆಂದು ಎತ್ತಿಡಿ. ಹೊಂದದ ಕೋಣೆಯಲ್ಲಿ ಹಣವಿಲ್ಲದ ಕಾರಣಕ್ಕೆ ಸಿಕ್ಕಿಬಿದ್ದವರ ಕಷ್ಟ ನನಗೆ ಗೊತ್ತಿದೆ.

ಹಳೆಯ ಸ್ನೇಹಿತರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಕೂಡಲೇ ಕೈ ಫೋನಿಗೆ ಹೋಗುತ್ತದೆ. ಹಳೆಯ ಗುಂಪಿನಲ್ಲಿ ಯಾರೋ ಫೋಟೋ ಹಾಕಿರುತ್ತಾರೆ, ಎಲ್ಲರೂ ನಗುತ್ತಿರುತ್ತಾರೆ. ನೀವೂ ಒಂದು ನಗುವ ಫೋಟೋ ಹಾಕುತ್ತೀರಿ. ಹೀಗೆ ಹತ್ತು ಊರುಗಳ ಹತ್ತು ಕೋಣೆಗಳಲ್ಲಿ ಹತ್ತು ಜನ ಒಂಟಿಯಾಗಿ ಕುಳಿತು, ಉಳಿದವರೆಲ್ಲ ಸುಖವಾಗಿದ್ದಾರೆಂದು ನಂಬಿರುತ್ತಾರೆ. ಆ ಹತ್ತರಲ್ಲಿ ಒಂದಿಬ್ಬರ ಕರೆಗಳು ನನಗೇ ಬಂದಿರುತ್ತವೆ, ಅದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಗುಂಪಿಗೆ ಬರೆಯುವುದನ್ನು ಬಿಟ್ಟು ಒಬ್ಬರಿಗೆ ಕರೆ ಮಾಡಿ. "ಹೇಗಿದ್ದೀಯ" ಎಂದು ಕೇಳಿದಾಗ "ಈ ಭಾನುವಾರ ಇಡೀ ದಿನ ಯಾರೊಂದಿಗೂ ಮಾತಾಡಿಲ್ಲ" ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಮನೆಯವರಿಗೂ ಹಾಗೆಯೇ. "ಎಲ್ಲ ಚೆನ್ನಾಗಿದೆ" ಎಂಬ ಉತ್ತರವನ್ನು ಯಾವ ತಾಯಿಯೂ ಪೂರ್ತಿ ನಂಬುವುದಿಲ್ಲ. ಆ ರಾತ್ರಿ ಅವರಿಗೂ ನಿದ್ರೆ ಇರುವುದಿಲ್ಲ.

ಒಂಟಿತನಕ್ಕೂ ಕಾಯಿಲೆಗೂ ವ್ಯತ್ಯಾಸವಿದೆ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಹಸಿವು ನಿದ್ರೆ ಏರುಪೇರಾಗಿದ್ದರೆ, ಮೊದಲು ಇಷ್ಟವಿದ್ದ ಯಾವುದೂ ಬೇಡವೆನಿಸಿದರೆ, ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಬಾರದು. ಆ ದಿನವೇ ಯಾರಿಗಾದರೂ ಹೇಳಬೇಕು.

ಕಳೆದ ವರ್ಷ ಕೆಲಸಕ್ಕೆ ಸೇರಿದ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದು ಇನ್ನೂ ಮನಸ್ಸಿನಲ್ಲಿದೆ. ಮೊದಲ ದಿನ ಕಚೇರಿಯಲ್ಲಿ ಒಂದು ಅರ್ಜಿ ತುಂಬಲು ಕೊಟ್ಟರಂತೆ. ಹೆಸರು, ವಿದ್ಯಾರ್ಹತೆ, ರಕ್ತದ ಗುಂಪು ಎಲ್ಲ ಸರಾಗವಾಗಿ ಬರೆದಳು. "ತುರ್ತು ಸಂದರ್ಭದಲ್ಲಿ ಇದೇ ನಗರದಲ್ಲಿ ಸಂಪರ್ಕಿಸಬೇಕಾದವರು" ಎಂಬಲ್ಲಿ ಪೆನ್ನು ನಿಂತಿತು. ಬಹಳ ಹೊತ್ತು ಯೋಚಿಸಿ, ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿರುವ ತಂದೆಯ ನಂಬರು ಬರೆದು ಕೊಟ್ಟಳು. ಜ್ವರ ಬಂದು ಮಲಗಿದ ದಿನ, ಬಾಗಿಲಿನ ಚಿಲಕ ಒಳಗಿನಿಂದ ಹಾಕಬೇಕೋ ಬೇಡವೋ ಎಂದು ಯೋಚಿಸಿದ್ದಳಂತೆ; ಪ್ರಜ್ಞೆ ತಪ್ಪಿದರೆ ಬಾಗಿಲು ತೆಗೆಯುವವರು ಯಾರು?

ಅದಕ್ಕಾಗಿ ಕೊನೆಯ ಮಾತು ಹೊಸಬರಿಗಲ್ಲ, ನಗರದಲ್ಲಿ ಆಗಲೇ ನೆಲೆನಿಂತ ನಿಮಗೆ. ನಿಮ್ಮ ಪಕ್ಕದ ಬಾಗಿಲಿಗೆ, ಪಕ್ಕದ ಮೇಜಿಗೆ ಇತ್ತೀಚೆಗೆ ಒಬ್ಬರು ಬಂದಿರಬಹುದು. ಅವರಾಗಿಯೇ ಮಾತನಾಡಿಸಲೆಂದು ಕಾಯಬೇಡಿ. ಸಂಕೋಚ ಅವರಿಗೆ ಹೆಚ್ಚು. ನಿಮ್ಮ ಹೆಸರು ಹೇಳಿ, ಫೋನ್ ನಂಬರು ಕೊಟ್ಟು, ಅವರದನ್ನೂ ಬರೆದುಕೊಳ್ಳಿ. ಹತ್ತಿರದ ಆಸ್ಪತ್ರೆ ಎಲ್ಲಿದೆ, ರಾತ್ರಿ ಯಾವ ದಾರಿ ಬೇಡ ಎಂಬುದನ್ನು ತಿಳಿಸಿ. ಮುಂದಿನ ವಾರ ಮತ್ತೆ ಎದುರಾದಾಗ ಹೆಸರು ಹಿಡಿದು ಕರೆಯಿರಿ.

ನಮಸ್ಕಾರ.